ಕಾಗದದ ಹೊರೆಯೂ ಕೇಳದೆ ಉಳಿದ ಮಾತೂ

2025ನೆಯ ಇಸವಿಯ ಜುಲೈ ತಿಂಗಳಲ್ಲಿ ಕರ್ನಾಟಕದ ಸಣ್ಣ ಅಂಗಡಿಗಳ ಮುಂದೆ ಒಂದು ವಿಚಿತ್ರವಾದ ನೋಟವು ಕಂಡುಬಂದಿತು. ನಾಲ್ಕಾರು ವರ್ಷಗಳಿಂದ ಗಲ್ಲಾಪೆಟ್ಟಿಗೆಯ ಮಗ್ಗುಲಿಗೆ ಹೆಮ್ಮೆಯಿಂದ ನಿಲ್ಲಿಸಿದ್ದ ಕ್ಯೂಆರ್ ಫಲಕಗಳನ್ನು ವರ್ತಕರು ತಾವಾಗಿಯೇ ತೆಗೆದಿರಿಸಿ, ಅವುಗಳ ಸ್ಥಾನದಲ್ಲಿ ಯುಪಿಐ ಇಲ್ಲ, ನಗದು ಮಾತ್ರ ಎಂಬ ಚೀಟಿಗಳನ್ನು ಅಂಟಿಸತೊಡಗಿದರು. ಕಾರಣವು ವಾಚಕರಿಗೆ ತಿಳಿದದ್ದೇ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ ಮೊದಲ್ಗೊಂಡು ಯುಪಿಐ ಮೂಲಕ ನಡೆದ ಪಾವತಿಗಳ ಲೆಕ್ಕವನ್ನು ತರಿಸಿಕೊಂಡು, ವರ್ಷಕ್ಕೆ 40 ಲಕ್ಷ ರೂಪಾಯಿಗೆ ಮೀರಿದ ವಹಿವಾಟು ಕಂಡರೂ ಜಿಎಸ್‌ಟಿ ನೋಂದಣಿ ಮಾಡಿಸದಿದ್ದ ಸಾವಿರಾರು ಜನ ಸಣ್ಣ ವರ್ತಕರಿಗೆ ನೋಟೀಸುಗಳನ್ನು ಕಳುಹಿಸಿತ್ತು. ಬೇಕರಿಯವರು, ಚಹದ ಅಂಗಡಿಯವರು, ಹಾಲು ಮಾರುವವರು, ಬೀಡಿ-ಬಿಸ್ಕತ್ತಿನ ಗೂಡಂಗಡಿಯವರು, ಹೀಗೆ ಜನ್ಮದಲ್ಲಿ ತೆರಿಗೆಯ ಕಚೇರಿಯ ಮೆಟ್ಟಿಲನ್ನು ಹತ್ತದ ಜನರು ಲಕ್ಷಗಳ ಲೆಕ್ಕದ ಕಾಗದಗಳನ್ನು ಕೈಯಲ್ಲಿ ಹಿಡಿದು ಕಂಗೆಟ್ಟು ನಿಂತರು.

ಈ ನೋಟೀಸುಗಳಲ್ಲಿ ಬಹಳವಾಗಿ ಚರ್ಚೆಗೆ ಬಂದುದು ಹೊನ್ನಾಳಿ ತಾಲೂಕಿನ ಮಗ್ಗುಲಿಗೇ ಇರುವ ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಯದು. ನಾಲ್ಕು ವರ್ಷಗಳಲ್ಲಿ ಆತನಿಗೆ ಯುಪಿಐ ಮೂಲಕ ಬಂದ ಹಣವು 1 ಕೋಟಿ 63 ಲಕ್ಷ ರೂಪಾಯಿ. ಅದಕ್ಕಾಗಿ ಕೇಳಿದ ತೆರಿಗೆಯು 29 ಲಕ್ಷ ರೂಪಾಯಿ. ನಮ್ಮ ಶಾಲಾ ಉಪಾಧ್ಯಾಯರು ಈ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿ ನೋಡಬಹುದು. ವರ್ಷಕ್ಕೆ ಸರಾಸರಿ 40 ಲಕ್ಷ 75 ಸಾವಿರ; ದಿನಕ್ಕೆ 11 ಸಾವಿರಕ್ಕಿಂತ ತುಸು ಹೆಚ್ಚು. ಇದು ಬಿಕರಿಯ ಮೊತ್ತವೇ ಹೊರತು ಲಾಭವಲ್ಲ. ರೈತನಿಗೆ ಕೊಟ್ಟುದು, ಸಾಗಾಣಿಕೆಗೆ ಕೊಟ್ಟುದು, ಕೊಳೆತು ಹೋದುದು ಎಲ್ಲವೂ ಇದರೊಳಗೇ ಸೇರಿರುವದು. ಕೇಳಿದ 29 ಲಕ್ಷವು ಒಟ್ಟು ಬಿಕರಿಯ ಮೇಲೆ ನೂರಕ್ಕೆ 18ರಂತೆ ಹಾಕಿದ ಲೆಕ್ಕಕ್ಕೆ ಹೆಚ್ಚುಕಡಿಮೆ ಸರಿಯಾಗುವದು. ಆದರೆ ಹಸಿ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ತೆರಿಗೆಯಿಲ್ಲದ ಪದಾರ್ಥಗಳನ್ನಷ್ಟೇ ಮಾರುವವನು ಎಷ್ಟು ಮಾರಿದರೂ ನೋಂದಣಿ ಮಾಡಿಸಬೇಕಾದುದಿಲ್ಲವೆಂದು 2017ರ ಕಾಯಿದೆಯೇ ಹೇಳುವದು. ಕಾಯಿದೆಯು ಬಿಟ್ಟ ಮನುಷ್ಯನನ್ನು ಯಂತ್ರದ ಲೆಕ್ಕವು ಹಿಡಿದುಕೊಂಡಿತು. ತಾನು ಮಾರಿದ್ದು ಬದನೆಕಾಯಿಯೇ ಎಂದು ಕಾಗದದ ಮೂಲಕ ಸಿದ್ಧಪಡಿಸುವ ಹೊಣೆಯು ಆತನ ಕೊರಳಿಗೆ ಬಿದ್ದಿತು. ಸಂತೆಯಲ್ಲಿ ಬದನೆಕಾಯಿ ಮಾರುವವನು ರಶೀದಿ ಬರೆಯುವದುಂಟೇ?

ವರ್ತಕರು ತೋಳಿಗೆ ಕಪ್ಪು ಪಟ್ಟಿಯನ್ನು ಕಟ್ಟಿಕೊಂಡರು. 25ರಂದು ಬಂದ್ ಆಚರಿಸುವದಾಗಿ ಸಾರಿದರು. ಆಗ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಪ್ರತಿನಿಧಿಗಳನ್ನು ಕರೆಯಿಸಿ, ಹಳೆಯ ಬಾಕಿಯನ್ನು ವಸೂಲು ಮಾಡುವದಿಲ್ಲ, ನೋಂದಣಿಗೆ ಅರ್ಹರಾದವರು ಮಾತ್ರ ಇನ್ನು ಮುಂದೆ ನೋಂದಾಯಿಸಿಕೊಂಡು ನಡೆಯಬೇಕು ಎಂದು ಹೇಳಿದರು. ಬಂದ್ ನಿಂತಿತು. ಜಿಎಸ್‌ಟಿಯ ವಿಷಯವನ್ನು ವರ್ತಕರಿಗೆ ತಿಳಿಸಿ ಹೇಳುವ ಸಭೆಗಳನ್ನು ಇಲಾಖೆಯು ನಡೆಯಿಸತೊಡಗಿತು. ಒಳ್ಳೆಯದೇ. ಆದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ನೆನಪಾಗದೆ ಇರದು. ಯಾವ ಮಾತುಕತೆಯು ನೋಟೀಸಿನ ನಂತರ ನಡೆಯಿತೋ ಅದೇ ಮಾತುಕತೆಯು ನೋಟೀಸಿನ ಮೊದಲು ನಡೆದಿದ್ದರೆ ಏನು ಕೆಡುತ್ತಿತ್ತು? ತೆರಿಗೆಯು ಬೇಕೋ ಬೇಡವೋ ಎಂಬದು ಈ ಲೇಖನದ ವಿಷಯವಲ್ಲ. ರಾಜ್ಯವು ನಡೆಯಬೇಕಾದರೆ ತೆರಿಗೆಯು ಬೇಕು. ಸಣ್ಣ ವ್ಯಾಪಾರಿಯ ಮೇಲೆ ಹೊರಿಸುವ ಪ್ರತಿಯೊಂದು ಕಾಗದದ ವಿಷಯವಾಗಿಯೂ ಅದನ್ನು ಹೊರಿಸುವ ಮುಂಚೆ, ಅವನ ಊರಿಗೆ ಬಂದು, ಅವನ ಭಾಷೆಯಲ್ಲಿ ಅವನನ್ನು ಕೇಳಬೇಕು ಎಂಬುದಷ್ಟೇ ನಮ್ಮ ವಾದ.

ಹೊರೆ ಎಂಬ ಶಬ್ದವನ್ನು ನಾವು ಸುಮ್ಮನೆ ಬಳಸುತ್ತಿಲ್ಲ. ಚನ್ನಗಿರಿಯ ಪೇಟೆಯಲ್ಲಿ ಒಂದು ಸಾಧಾರಣವಾದ ಕಿರಾಣಿ ಅಂಗಡಿಯನ್ನು ಕಲ್ಪಿಸಿಕೊಳ್ಳಿರಿ. ಮುಂದೆ ಮಂಡಕ್ಕಿಯ ಚೀಲ, ಒಳಗೆ ಬೇಳೆ-ಬೆಲ್ಲ, ಎಣ್ಣೆಯ ಡಬ್ಬಿ. ಯಜಮಾನನೊಬ್ಬ, ಕೈಕೆಳಗೆ ಒಬ್ಬ ಆಳು. ಬಾಗಿಲು ತೆರೆಯಬೇಕಾದರೆ ಪುರಸಭೆಯ ಉದ್ದಿಮೆ ಪರವಾನಿಗೆ ಬೇಕು. ಆಳನ್ನು ಇಟ್ಟುಕೊಂಡುದರಿಂದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಂತೆ ಕಾರ್ಮಿಕ ಇಲಾಖೆಯ ನೋಂದಣಿ ಬೇಕು. ತಿನ್ನುವ ಪದಾರ್ಥವನ್ನು ಮಾರುವದರಿಂದ 2006ರ ಆಹಾರ ಸುರಕ್ಷತಾ ಕಾಯಿದೆಯ ನೋಂದಣಿ ಬೇಕು. 2011ರಲ್ಲಿ ಬಂದ ಅದರ ನಿಯಮಾವಳಿಯು 12 ಲಕ್ಷದೊಳಗಿನ ವ್ಯಾಪಾರಿಗೆ ವರ್ಷಕ್ಕೆ 100 ರೂಪಾಯಿಯ ಶುಲ್ಕವನ್ನೂ, ಅದಕ್ಕೆ ಮೀರಿದವನಿಗೆ ದೊಡ್ಡ ಪರವಾನಿಗೆಯನ್ನೂ ಗೊತ್ತುಪಡಿಸಿತು. ತಕ್ಕಡಿ, ತೂಕದ ಕಲ್ಲುಗಳಿಗೆ ಎರಡು ವರ್ಷಕ್ಕೊಮ್ಮೆ, ವಿದ್ಯುತ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳಬೇಕು. ವೃತ್ತಿ ತೆರಿಗೆಯದು ಬೇರೆ ಲೆಕ್ಕ. ಬ್ಯಾಂಕಿನಲ್ಲಿ ಸಾಲ ಕೇಳಲು ಹೋದರೆ ಉದ್ಯಮ್ ನೋಂದಣಿ. ವಹಿವಾಟು 40 ಲಕ್ಷವನ್ನು ದಾಟಿದರೆ ಜಿಎಸ್‌ಟಿ. ಅದರೊಡನೆ ಬಿಲ್ಲಿನ ಪುಸ್ತಕ, ಮೂರು ತಿಂಗಳಿಗೊಮ್ಮೆ ಲೆಕ್ಕ, ವರ್ಷಕ್ಕೊಮ್ಮೆ ಇನ್ನೊಂದು ಲೆಕ್ಕ. ಅಡಿಕೆಯ ವ್ಯಾಪಾರವನ್ನೂ ಸ್ವಲ್ಪ ಮಾಡುತ್ತೇನೆಂದು ಅವನು ಮನಸ್ಸು ಮಾಡಿದನೋ, 50 ಸಾವಿರ ರೂಪಾಯಿಗೆ ಮೀರಿದ ಮಾಲು ಲಾರಿಯನ್ನು ಏರುವ ಮೊದಲು ಇ-ವೇ ಬಿಲ್ಲು ಸಿದ್ಧವಾಗಿರಬೇಕು. ರಾಜ್ಯದೊಳಗಿನ ಸಾಗಾಣಿಕೆಗೂ ಅದನ್ನು 2018ರ ಏಪ್ರಿಲ್ 1ರಿಂದಲೇ ಜಾರಿಗೆ ತಂದುದರಲ್ಲಿ ನಮ್ಮ ಕರ್ನಾಟಕವೇ ಮೊದಲನೆಯದು.

ಇವುಗಳಲ್ಲಿ ಒಂದೊಂದನ್ನು ಬಿಡಿಯಾಗಿ ತೆಗೆದುಕೊಂಡರೆ ಯಾವದೂ ಅನ್ಯಾಯವೆನಿಸದು. ಹೊರೆಯಿರುವದು ಅವುಗಳ ಕೂಡುವಿಕೆಯಲ್ಲಿ. ಪ್ರತಿಯೊಂದು ಇಲಾಖೆಯೂ ತಾನೊಬ್ಬನೇ ಈ ಅಂಗಡಿಯನ್ನು ಬಲ್ಲೆನೆಂಬಂತೆ, ಅದೇ ಹೆಸರು, ಅದೇ ತಂದೆಯ ಹೆಸರು, ಅದೇ ಆಧಾರ್, ಅದೇ ಪ್ಯಾನ್, ಅದೇ ಬಾಡಿಗೆಯ ಕರಾರುಪತ್ರ, ಅದೇ ಮುಖದ ಭಾವಚಿತ್ರವನ್ನು ಮೊದಲಿನಿಂದ ಕೇಳುವದು. ಆಧಾರನ್ನು ಕೊಟ್ಟುದು ಸರಕಾರ. ಪ್ಯಾನನ್ನು ಕೊಟ್ಟುದು ಸರಕಾರ. ಅಂಗಡಿಯ ಕಟ್ಟಡಕ್ಕೆ ಕಂದಾಯ ಕಟ್ಟಿಸಿಕೊಂಡು ರಶೀದಿ ಕೊಟ್ಟುದೂ ಸರಕಾರದ ಅಂಗವಾದ ಪುರಸಭೆಯೇ. ತಾನೇ ಕೊಟ್ಟ ಕಾಗದವನ್ನು ತನಗೇ ತಂದು ತೋರಿಸೆಂದು ಪ್ರಜೆಯನ್ನು ಅಲೆದಾಡಿಸುವದು ಯಾವ ನ್ಯಾಯ? ಶುಲ್ಕವು ನೂರು ರೂಪಾಯಿಯೇ ಇರಬಹುದು, ಉದ್ಯಮ್ ನೋಂದಣಿಗೆ ಅದೂ ಇಲ್ಲ. ಆದರೆ ಗಣಕಯಂತ್ರದ ಮುಂದೆ ಕೂತು ತುಂಬಿಕೊಡುವವನ ಕೂಲಿ, ಅಂಗಡಿಯನ್ನು ಮುಚ್ಚಿ ಹೋದ ದಿನದ ಬಿಕರಿ, ಬಸ್ಸಿನ ಚಾರ್ಜು, ಇವು ಯಾವ ಸರಕಾರಿ ಪುಸ್ತಕದಲ್ಲಿಯೂ ಜಮೆಯಾಗುವದಿಲ್ಲ.

ಊರು ಜಿಲ್ಲಾ ಸ್ಥಳದಿಂದ ದೂರವಾದಷ್ಟೂ ಈ ಲೆಕ್ಕವು ಬೆಳೆಯುವದು. ಜಗಳೂರಿನವನು ಒಂದು ಸಹಿಗಾಗಿ ದಾವಣಗೆರೆಗೆ ಹೊರಟರೆ ಆ ದಿನದ ವ್ಯಾಪಾರವು ಹೋದಂತೆಯೇ. ಮಳೆ ನಂಬಿದ ಸೀಮೆ ಅದು. ಮೆಕ್ಕೆಜೋಳವೂ ಶೇಂಗವೂ ಕೈಗೆ ಬಂದ ನಾಲ್ಕು ತಿಂಗಳಲ್ಲಿ ಅಂಗಡಿಕಾರನ ವರ್ಷದ ಗಳಿಕೆಯು ಆಗಬೇಕು. ನ್ಯಾಮತಿಯವನ ಕಥೆಯಂತೂ ಇನ್ನೂ ಸ್ವಾರಸ್ಯವಾದುದು. 1997ರಲ್ಲಿ ದಾವಣಗೆರೆ ಜಿಲ್ಲೆಯು ಆಗುವವರೆಗೆ ಅವನ ಅಂಗಡಿಯು ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲೂಕಿನಲ್ಲಿ ಇದ್ದಿತು. ಆ ಮೇಲೆ ದಾವಣಗೆರೆ ಜಿಲ್ಲೆ, ಹೊನ್ನಾಳಿ ತಾಲೂಕಿಗೆ ಬಂದಿತು. 2017-18ರ ಆಯವ್ಯಯದಲ್ಲಿ ಸಾರಿದ ಹೊಸ ತಾಲೂಕುಗಳಲ್ಲಿ ನ್ಯಾಮತಿಯೂ ಸೇರಿದುದರಿಂದ ಈಗ ದಾವಣಗೆರೆ ಜಿಲ್ಲೆ, ನ್ಯಾಮತಿ ತಾಲೂಕು. ಅಂಗಡಿಯು ಇದ್ದಲ್ಲಿಂದ ಒಂದು ಗೇಣೂ ಸರಿದಿಲ್ಲ. ವಿಳಾಸವು ಎರಡು ಸಲ ಬದಲಾಗಿದೆ. ಹಳೆಯ ಕ್ರಯಪತ್ರದಲ್ಲಿ ಒಂದು, ಬ್ಯಾಂಕಿನ ಪುಸ್ತಕದಲ್ಲಿ ಒಂದು, ಹೊಸ ಅರ್ಜಿಯಲ್ಲಿ ಒಂದು ಎಂದಾದರೆ, ದಾಖಲೆಗಳು ಒಂದಕ್ಕೊಂದು ತಾಳೆಯಾಗುವದಿಲ್ಲವೆಂದು ಯಂತ್ರವು ಅರ್ಜಿಯನ್ನು ಹಿಂದಕ್ಕೆ ತಳ್ಳಿದರೆ ಆಶ್ಚರ್ಯವೇನು? ತಾಲೂಕು ಹತ್ತಿರ ಬಂದಿತೆಂದು ಊರವರು ಸಂತೋಷಪಟ್ಟುದು ಸಹಜವೇ. ಆದರೆ ತಾಲೂಕನ್ನು ಮಾಡಿದ ಸರಕಾರವೇ ತನ್ನ ಎಲ್ಲ ಪುಸ್ತಕಗಳಲ್ಲಿ ಆ ಹೆಸರನ್ನು ತಿದ್ದಿಕೊಳ್ಳಬೇಕಾದುದು ನ್ಯಾಯ. ತಿದ್ದುಪಡಿಯ ಅರ್ಜಿಯನ್ನು ಅಂಗಡಿಕಾರನಿಂದ ಬರೆಯಿಸುವದು ನ್ಯಾಯವಲ್ಲ.

ಇನ್ನೊಂದು ಸಣ್ಣ ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ. ಸಕಾಲವೆಂದು ಜನರು ಕರೆಯುವ 2011ರ ನಾಗರಿಕ ಸೇವೆಗಳ ಖಾತರಿ ಕಾಯಿದೆಯು 2012ರ ಏಪ್ರಿಲಿನಲ್ಲಿ ರಾಜ್ಯದಲ್ಲೆಲ್ಲ ಜಾರಿಗೆ ಬಂದಿತು. ಗೊತ್ತುಪಡಿಸಿದ ದಿನಗಳೊಳಗೆ ಕೆಲಸವಾಗದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದಂತೆ ಪರಿಹಾರವು ಸಲ್ಲಬೇಕೆಂದು ಅದು ಹೇಳುವದು. ಇತ್ತ ಜಿಎಸ್‌ಟಿಯಲ್ಲಿ, ಒಂದು ಕಾಸಿನ ವ್ಯಾಪಾರವಾಗದಿದ್ದರೂ ಶೂನ್ಯ ಲೆಕ್ಕವನ್ನು ಸಲ್ಲಿಸಲು ತಡಮಾಡಿದವನಿಗೆ ದಂಡವು ದಿನಕ್ಕೆ 20 ರೂಪಾಯಿ. 2021ರಿಂದೀಚೆಗೆ ಅದರ ಮಿತಿಯೂ 500 ರೂಪಾಯಿಯೇ. ನೋಡಿದರೆ ತಕ್ಕಡಿಯ ಎರಡು ತಟ್ಟೆಗಳೂ ಸಮವಾಗಿ ತೂಗುವಂತೆ ಕಾಣುವವು. ಆದರೆ ವರ್ತಕನ ದಂಡವನ್ನು ಯಂತ್ರವು ತಾನಾಗಿಯೇ ಎಣಿಸಿ ಮುಂದಿನ ಲೆಕ್ಕದಲ್ಲಿ ಸೇರಿಸಿಯೇ ಬಿಡುವದು. ಸರಕಾರವು ತಡಮಾಡಿದ್ದಕ್ಕೆ ಬರಬೇಕಾದ ಪರಿಹಾರವನ್ನು ವರ್ತಕನು ತಾನೇ ಎಣಿಸಿ, ತಾನೇ ಮೇಲ್ಮನವಿ ಬರೆದು, ತಾನೇ ಬೆನ್ನು ಹತ್ತಿ ಪಡೆಯಬೇಕು. ಐನೂರು ರೂಪಾಯಿಗಾಗಿ ನಾಳೆ ಮತ್ತೆ ಮುಖ ನೋಡಬೇಕಾದ ಅಧಿಕಾರಿಯ ಮೇಲೆ ದೂರು ಬರೆಯುವ ಅಂಗಡಿಕಾರನನ್ನು ಹೊನ್ನಾಳಿಯಲ್ಲಾಗಲಿ ಜಗಳೂರಿನಲ್ಲಾಗಲಿ ತೋರಿಸಬಲ್ಲಿರಾ?

ಸರಕಾರಗಳು ಏನನ್ನೂ ಮಾಡಿಲ್ಲವೆಂದರೆ ಅದು ಸತ್ಯಕ್ಕೆ ದೂರ. ಜಿಎಸ್‌ಟಿಯ ಮಿತಿಯನ್ನು 2019ರ ಏಪ್ರಿಲಿನಿಂದ ಪದಾರ್ಥಗಳನ್ನು ಮಾರುವವರಿಗೆ 20 ಲಕ್ಷದಿಂದ 40 ಲಕ್ಷಕ್ಕೆ ಏರಿಸಿದರು. ಒಂದೂವರೆ ಕೋಟಿಯವರೆಗಿನವರಿಗೆ ಸರಳವಾದ ರಾಜಿ ತೆರಿಗೆಯ ದಾರಿಯನ್ನು ಬಿಟ್ಟರು. 2021ರಿಂದ ಐದು ಕೋಟಿಯೊಳಗಿನವರು ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಟ್ಟರೆ ಸಾಕೆಂದರು. 2020ರ ಜುಲೈಯಿಂದ ಉದ್ಯಮ್ ನೋಂದಣಿಯನ್ನು ಸ್ವಂತ ಹೇಳಿಕೆಯ ಮೇಲೆಯೇ, ಯಾವ ಕಾಗದವನ್ನೂ ಲಗತ್ತಿಸದೆ ಮಾಡಿಸಿಕೊಳ್ಳುವಂತಾಯಿತು. ಪ್ರಜೆಯ ಮಾತನ್ನು ನಂಬಿದರೆ ಆಕಾಶವೇನೂ ಕಳಚಿ ಬೀಳದೆಂಬದಕ್ಕೆ ಇದೇ ಸಾಕ್ಷಿ. ಮನೆಯ ಹತ್ತಿರದಲ್ಲಿಯೇ ಅರ್ಜಿ ಕೊಡುವ ಗ್ರಾಮ ಒನ್ ಪ್ರಯೋಗವು 2020ರಲ್ಲಿ ನಮ್ಮ ದಾವಣಗೆರೆ ಜಿಲ್ಲೆಯಲ್ಲಿಯೇ ಮೊದಲಾದುದು ನಮಗೆ ಅಭಿಮಾನದ ಸಂಗತಿ. 2023ರ ಕೇಂದ್ರ ಆಯವ್ಯಯವನ್ನು ಮಂಡಿಸುತ್ತ ಹಣಕಾಸಿನ ಮಂತ್ರಿ ನಿರ್ಮಲಾ ಸೀತಾರಾಮನ್ ಅವರು, 39,000ಕ್ಕೂ ಹೆಚ್ಚು ವಿಧಿವಿಧಾನಗಳನ್ನು ಕಡಿಮೆ ಮಾಡಲಾಗಿದೆಯೆಂದು ಸಾರಿದರು.

ಮೂವತ್ತೊಂಬತ್ತು ಸಾವಿರ! ಸಂಖ್ಯೆಯನ್ನು ಕೇಳಿದರೆ ಎದೆಯು ಹಗುರಾಗುವದು. ಆದರೆ ಚನ್ನಗಿರಿಯ ಕಿರಾಣಿಯವನ ಕಡತದಿಂದ ಅವುಗಳಲ್ಲಿ ಎಷ್ಟು ಹಾಳೆಗಳು ಹೊರಬಿದ್ದಿವೆ? ಯಾವದನ್ನು ಕಡಿಮೆ ಮಾಡಬೇಕೆಂದು ಯಾರನ್ನು ಕೇಳಿದರು ಎಂಬದರ ಮೇಲೆ ಯಾರ ಹೊರೆಯು ಇಳಿಯುವದೆಂಬದು ನಿಂತಿದೆ. ನಮ್ಮ ರಾಜ್ಯವು 2020ರಲ್ಲಿ ಕೈಗಾರಿಕೆಗಳ ಸೌಲಭ್ಯ ಕಾಯಿದೆಯನ್ನು ತಿದ್ದಿ, ಹೊಸ ಉದ್ಯಮದವರು ಪ್ರಮಾಣಪತ್ರವನ್ನು ಬರೆದುಕೊಟ್ಟು ಕೆಲಸವನ್ನು ಆರಂಭಿಸಬಹುದು, ಉಳಿದ ಅನುಮತಿಗಳನ್ನು ಮೂರು ವರ್ಷಗಳೊಳಗೆ ಪಡೆಯಬಹುದು ಎಂಬ ಅನುಕೂಲವನ್ನು ಮಾಡಿಕೊಟ್ಟಿತು. ಬೆಂಗಳೂರಿನ ಸಮ್ಮೇಳನಗಳಲ್ಲಿ ಮಂತ್ರಿಗಳ ಮಗ್ಗುಲಿಗೆ ಕುಳಿತುಕೊಳ್ಳಬಲ್ಲವರ ಮಾತು ಅಷ್ಟು ಬೇಗನೆ ಕಿವಿಗೆ ಬಿದ್ದಿತು. ಕಾರ್ಖಾನೆಯನ್ನು ಹೂಡುವವನ ಪ್ರಮಾಣವನ್ನು ಮೂರು ವರ್ಷ ನಂಬಬಹುದಾದರೆ, ಹಿಟ್ಟಿನ ಗಿರಣಿಯನ್ನು ಹಾಕುವವನ ಪ್ರಮಾಣವನ್ನು ಮೂರು ತಿಂಗಳಾದರೂ ನಂಬಬಾರದೇಕೆ?

ಕೇಳಿ ಆಳುವದು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಅಕ್ಟೋಬರ್ 7ರಂದು ಸೇರಿದ ಆ ಮೊದಲನೆಯ ಸಭೆಗೆ ಸಂಸ್ಥಾನದ ನಾನಾ ಕಡೆಗಳಿಂದ ಬಂದ 144 ಜನರಲ್ಲಿ ರೈತರಷ್ಟೇ ಅಲ್ಲದೆ ವರ್ತಕರೂ ಇದ್ದರು. ಚನ್ನಗಿರಿ, ಹೊನ್ನಾಳಿ, ಜಗಳೂರುಗಳೆಲ್ಲ ಅಂದು ಮೈಸೂರಿಗೆ ಸೇರಿದವೇ. ವರ್ಷಕ್ಕೊಮ್ಮೆ ದಸರೆಯ ಕಾಲದಲ್ಲಿ ಪ್ರತಿನಿಧಿಗಳು ತಮ್ಮ ಸೀಮೆಯ ಅಹವಾಲನ್ನು ದಿವಾನರ ಎದುರಿನಲ್ಲಿಯೇ, ಕನ್ನಡದಲ್ಲಿಯೇ ಹೇಳುವ ಪದ್ಧತಿಯು ಬೆಳೆದುಬಂದಿತು. 1923ರ ಸುಧಾರಣೆಯಲ್ಲಿ ಈ ಸಭೆಗೆ ಕಾಯಿದೆಯ ಬಲವು ದೊರೆತು, ಹೊಸ ತೆರಿಗೆಯನ್ನು ಹಾಕುವ ಮೊದಲೂ, ಮಸೂದೆಯನ್ನು ನ್ಯಾಯವಿಧಾಯಕ ಸಭೆಗೆ ತರುವ ಮೊದಲೂ ಇದರ ಅಭಿಪ್ರಾಯವನ್ನು ಕೇಳತಕ್ಕದ್ದೆಂದು ಏರ್ಪಾಟಾಯಿತು. ಆ ಸಭೆಗೆ ಅಧಿಕಾರವು ಕಡಿಮೆ, ಮತದಾರರು ಕೆಲವೇ ಜನ ಎಂಬ ಟೀಕೆಯು ಅಂದೇ ಇದ್ದಿತು. ಅದು ಸರಿಯಾದುದೂ ಹೌದು. ಆದಾಗ್ಯೂ ಅರಸೊತ್ತಿಗೆಯ ಕಾಲದಲ್ಲಿ ಕೇಳಿ ತೆರಿಗೆ ಹಾಕಬೇಕೆಂಬ ನಿಯಮವಿದ್ದು, ಪ್ರಜಾರಾಜ್ಯದ ಕಾಲದಲ್ಲಿ ಹಾಕಿದ ಮೇಲೆ ತಿಳಿಸಿ ಹೇಳುವ ಪದ್ಧತಿಯು ಬರುವದು ಹೆಚ್ಚಳದ ಮಾತಲ್ಲ.

ಏಕೀಕರಣದ ಚರಿತ್ರೆಯಿಂದಲೂ ಇಲ್ಲಿ ಕಲಿಯತಕ್ಕದ್ದು ಒಂದುಂಟು. ನಾಡು ಹರಿದು ಹಂಚಿಹೋಗಿದ್ದ ದಿನಗಳಲ್ಲಿ ಹರಿಹರದ ಸೇತುವೆಯ ಈಚೆಗೆ ಮೈಸೂರು, ಆಚೆಗೆ ಮುಂಬಯಿ. ಜಗಳೂರಿಗೆ ತಾಗಿದ ಹರಪನಹಳ್ಳಿಯು 1953ರವರೆಗೆ ಮದರಾಸು. ಅಂಗಡಿಗಳ ಕಾಯಿದೆಯೂ ಅದರಂತೆಯೇ: ಮದರಾಸಿನದು 1947ರದು, ಮುಂಬಯಿಯದೂ ಮೈಸೂರಿನದೂ 1948ರವು, ಹೈದರಾಬಾದಿನದು 1951ರದು. ಒಂದೇ ಮಾತನ್ನಾಡುವ, ಒಂದೇ ಜೋಳದ ರೊಟ್ಟಿಯನ್ನು ಉಣ್ಣುವ ವರ್ತಕರು ಹರದಾರಿ ಹರದಾರಿಗೆ ಬೇರೆ ಬೇರೆ ಪುಸ್ತಕಗಳನ್ನು ಇಡಬೇಕಾಗಿತ್ತು. 1956ರಲ್ಲಿ ರಾಜ್ಯವು ಒಂದಾದ ಮೇಲೆ, 1961ರ ಕಾಯಿದೆಯಿಂದ ಆ ಭೇದವು ಅಳಿಯಿತು. ಅಂದು ಪ್ರಾಂತಪ್ರಾಂತಗಳ ನಡುವೆ ಇದ್ದ ಗೋಡೆಗಳು ಇಂದು ಇಲಾಖೆ ಇಲಾಖೆಗಳ ನಡುವೆ ಎದ್ದಿವೆ. ನೆಲವನ್ನು ಒಂದುಗೂಡಿಸಿದ ನಾಡಿಗೆ ಐದಾರು ಕಡತಗಳನ್ನು ಒಂದುಗೂಡಿಸುವದು ಅಸಾಧ್ಯವೇ?

ಭಾಷೆಯ ಮಾತನ್ನೂ ಇಲ್ಲಿಯೇ ಹೇಳಬೇಕು. 1963ರಿಂದ ಕನ್ನಡವು ರಾಜ್ಯದ ಆಡಳಿತ ಭಾಷೆ. ನಾಮಫಲಕದಲ್ಲಿ ನೂರಕ್ಕೆ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾಯಿದೆಯನ್ನು ತಿದ್ದಿದರು. ಅದನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೆ ಅಂಗಡಿಯ ಹೊರಗಿನ ಹಲಗೆಯು ಕನ್ನಡವಾಗಬೇಕೆಂದು ಆಜ್ಞಾಪಿಸುವ ಸರಕಾರವು, ಅಂಗಡಿಯೊಳಗೆ ತಾನು ಕಳುಹಿಸುವ ಕಾಗದವನ್ನೂ ನೂರಕ್ಕೆ ನೂರು ಕನ್ನಡವಾಗಿಸಬೇಡವೇ? 2017ರಲ್ಲಿ ಜಿಎಸ್‌ಟಿ ಬಂದಾಗ ಅದರ ಜಾಲತಾಣದ ನಮೂನೆಗಳು ಇಂಗ್ಲಿಷಿನಲ್ಲಿಯೇ ಬಂದವು. ತನ್ನ ಸಹಿ ಯಾತಕ್ಕೆ ಬೀಳುತ್ತದೆಂದು ತಿಳಿಯದೆ ಸಹಿ ಮಾಡುವ ವರ್ತಕನು ಲೆಕ್ಕ ಬರೆಯುವವನ ಕೈಗೊಂಬೆಯಾಗುವನು. ತಪ್ಪು ಯಾರದಾದರೂ ದಂಡವು ಅವನದೇ.

ಈ ಮಾತುಗಳನ್ನು ಕೇಳಿ, ಎಲ್ಲ ಕಾಗದಗಳನ್ನೂ ಸುಟ್ಟುಬಿಡಿರೆಂದು ನಾವು ಹೇಳುವೆವೆಂದು ಯಾರೂ ತಿಳಿಯಬಾರದು. ತಕ್ಕಡಿಯ ಮುದ್ರೆಯಿಂದ ರಕ್ಷಣೆಯು ದೊರೆಯುವದು ಕೊಳ್ಳುವ ಬಡವನಿಗೆ. ಆಹಾರದ ನೋಂದಣಿಯಿಲ್ಲದಿದ್ದರೆ ಕಲಬೆರಕೆಯ ಎಣ್ಣೆಯನ್ನು ಮಾರಿದವನನ್ನು ಹುಡುಕುವದೆಲ್ಲಿ? ಅಂಗಡಿಯ ಆಳಿಗೆ ವಾರದ ರಜೆಯೂ ಹೊತ್ತಿನ ಮಿತಿಯೂ ಇರುವದು ಆ 1961ರ ಕಾಯಿದೆಯ ಪುಸ್ತಕಗಳ ಬಲದಿಂದಲೇ. ಅವನ ಮಾತನ್ನು ಕೇಳದೆ ಆ ಪುಸ್ತಕಗಳನ್ನು ತೆಗೆದುಹಾಕಿದರೆ ಒಬ್ಬ ಬಡವನ ಹೊರೆಯನ್ನು ಇಳಿಸಿ ಇನ್ನೊಬ್ಬ ಬಡವನ ಬೆನ್ನಿಗೆ ಹೇರಿದಂತಾಗುವದು. ಚಿಕ್ಕ ವ್ಯಾಪಾರಿಯ ಕಣ್ಣೀರನ್ನು ಮುಂದೆ ಮಾಡಿ ದೊಡ್ಡ ಸಾಹುಕಾರರು ತಮ್ಮ ಲೆಕ್ಕವನ್ನು ಮುಚ್ಚಿಕೊಳ್ಳುವದೂ ಲೋಕದಲ್ಲಿ ಕಂಡ ಸಂಗತಿಯೇ. ಆದುದರಿಂದಲೇ, ಯಾವ ಕಾಗದವು ಕಾಯುವದು, ಯಾವದು ಬರಿಯ ಕಾಡುವದು ಎಂಬದನ್ನು ಬೆಂಗಳೂರಿನ ಕೋಣೆಯೊಳಗೆ ಕುಳಿತು ನಿರ್ಣಯಿಸಬಾರದೆಂದು ಹೇಳುತ್ತೇವೆ.

ಹಾಗಾದರೆ ಕೇಳುವ ದಾರಿಗಳು ಇಲ್ಲವೇ? ಇವೆ, ನಡೆಯುವವರು ಇಲ್ಲ. ರಾಜ್ಯ ಸರಕಾರವು ನಿಯಮಗಳನ್ನು ಮಾಡುವಾಗ ಅನೇಕ ಕಾಯಿದೆಗಳಂತೆ ಮೊದಲು ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ಸಾಮಾನ್ಯವಾಗಿ 30 ದಿನಗಳೊಳಗೆ ಆಕ್ಷೇಪಣೆ ಸಲಹೆಗಳನ್ನು ಕರೆಯುವದು. ಕೇಂದ್ರ ಸರಕಾರವು 2014ರ ಫೆಬ್ರುವರಿಯಲ್ಲಿ, ಮಸೂದೆಗಳ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂಬ ನೀತಿಯನ್ನು ಒಪ್ಪಿಕೊಂಡಿತು. ಜನರಿಗೆ ತಾಗುವ ಮುಖ್ಯ ನೀತಿಗಳನ್ನು ರೂಪಿಸುವಾಗ ಅವುಗಳ ಸಂಗತಿಗಳನ್ನೆಲ್ಲ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕಿನ ಕಾಯಿದೆಯ 4ನೆಯ ಕಲಮೇ ಹೇಳುವದು. 29 ಕಾಯಿದೆಗಳನ್ನು ಕೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವಷ್ಟೆ. ಅವುಗಳ ಕೆಳಗೆ ಮಾಡುವ ನಿಯಮಗಳನ್ನೂ ಮೊದಲು ಕರಡಾಗಿ ಪ್ರಕಟಿಸಬೇಕೆಂಬ ಷರತ್ತು ಆ ಸಂಹಿತೆಗಳಲ್ಲಿಯೇ ಇದೆ. ಬೀದಿ ವ್ಯಾಪಾರಿಗಳ 2014ರ ಕಾಯಿದೆಯಂತೂ ಇನ್ನೂ ಮುಂದಕ್ಕೆ ಹೋಗಿ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ವ್ಯಾಪಾರಿಗಳಿಂದಲೇ ಆರಿಸಿಬಂದವರಿಗೆ ಸಲ್ಲಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು ಎಂದು ವಿಧಿಸಿತು. ತಳ್ಳುಗಾಡಿಯವನಿಗೆ ಕಾಯಿದೆಯು ಕೊಟ್ಟ ಕುರ್ಚಿಯು ಅಂಗಡಿಕಾರನಿಗೆ ಇನ್ನೂ ದೊರೆತಿಲ್ಲ.

ಪರದೇಶದ ಒಂದು ಏರ್ಪಾಟನ್ನು ಇಲ್ಲಿ ಹೇಳಿದರೆ ತಪ್ಪಾಗದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1980ರಲ್ಲಿ ಕಾಗದದ ಹೊರೆಯನ್ನು ಇಳಿಸಲೆಂದೇ ಒಂದು ಕಾಯಿದೆಯಾಯಿತು. 1995ರಲ್ಲಿ ಅದನ್ನು ಬಲಪಡಿಸಿದರು. ಅದರಂತೆ ಅಲ್ಲಿಯ ಕೇಂದ್ರ ಸರಕಾರದ ಇಲಾಖೆಯು ಜನರಿಂದ ಹೊಸ ಮಾಹಿತಿಯನ್ನು ಕೇಳಬೇಕಾದರೆ, ಯಾಕೆ ಕೇಳುತ್ತೇವೆ, ತುಂಬಲು ಎಷ್ಟು ಹೊತ್ತು ಹಿಡಿಯುವದು ಎಂದು ಪ್ರಕಟಿಸಿ, ಮೊದಲು 60 ದಿನ, ಆ ಮೇಲೆ ಮತ್ತೆ 30 ದಿನ ಜನರ ಅಭಿಪ್ರಾಯಕ್ಕೆ ಕಾಯಬೇಕು. ಒಪ್ಪಿಗೆಯಾದ ನಮೂನೆಗೆ ಒಂದು ಸಂಖ್ಯೆಯು ದೊರೆಯುವದು. ಆ ಸಂಖ್ಯೆಯಿಲ್ಲದ ನಮೂನೆಯನ್ನು ತುಂಬದವನಿಗೆ ದಂಡ ಹಾಕುವಂತಿಲ್ಲ. ಇಷ್ಟಾದರೂ ಆ ದೇಶದಲ್ಲಿ ಕಾಗದವೇನೂ ಮಾಯವಾಗಿಲ್ಲವೆಂಬದು ನಿಜ. ಆದರೆ ನಮೂನೆಯನ್ನು ಬರೆಯುವ ಗುಮಾಸ್ತೆಯು, ಇದನ್ನು ತುಂಬುವವನಿಗೆ ಎಷ್ಟು ಹೊತ್ತು ಬೇಕಾದೀತು ಎಂದು ಒಂದು ಕ್ಷಣವಾದರೂ ಯೋಚಿಸುವಂತೆ ಮಾಡಿದ್ದು ಸಣ್ಣ ಮಾತಲ್ಲ.

ನಮ್ಮ ರಾಜ್ಯದಲ್ಲಿ 2021ರಲ್ಲಿ ಟಿ. ಎಂ. ವಿಜಯಭಾಸ್ಕರ್ ಅವರ ಅಧ್ಯಕ್ಷತೆಯಲ್ಲಿ ಎರಡನೆಯ ಆಡಳಿತ ಸುಧಾರಣಾ ಆಯೋಗವು ನೇಮಕವಾಗಿ ಕಂತುಕಂತಾಗಿ ವರದಿಗಳನ್ನು ಕೊಟ್ಟಿತು. ವರದಿಗಳಿಗೆ ಕೊರತೆಯಿಲ್ಲ. ಸರಕಾರವು ಈಗ ಮಾಡಬೇಕಾದುದು, ಒಂದು ಇಲಾಖೆಯಲ್ಲಿರುವ ಕಾಗದವನ್ನು ಇನ್ನೊಂದು ಇಲಾಖೆಯು ಪ್ರಜೆಯಿಂದ ಕೇಳತಕ್ಕದ್ದಲ್ಲವೆಂದು ಒಂದು ಸಾಲಿನ ನಿಯಮವನ್ನು ಮಾಡುವದು. ಮತ್ತು ಸಣ್ಣ ವ್ಯಾಪಾರಕ್ಕೆ ತಾಗುವ ಪ್ರತಿಯೊಂದು ಕರಡನ್ನೂ ಕನ್ನಡದಲ್ಲಿ ಅಚ್ಚು ಮಾಡಿಸಿ ಪುರಸಭೆ, ಪಟ್ಟಣ ಪಂಚಾಯಿತಿಗಳ ಹಲಗೆಯ ಮೇಲೆ ಹಚ್ಚಿ, ಸಂತೆಯ ದಿನ ಸಂತೆಯ ಊರಿನಲ್ಲಿಯೇ ಅಧಿಕಾರಿಯನ್ನು ಕೂಡಿಸಿ ಮಾತು ಕೇಳಿಸುವದು. ಬರೆಯಲಾರದವನ ಮಾತನ್ನು ಅಧಿಕಾರಿಯೇ ಬರೆದುಕೊಳ್ಳಲಿ. ಮೂವತ್ತು ದಿನಗಳಾದ ಮೇಲೆ ಯಾವ ಸಲಹೆಯನ್ನು ಒಪ್ಪಿದೆವು, ಯಾವದನ್ನು ಬಿಟ್ಟೆವು, ಯಾಕೆ ಬಿಟ್ಟೆವು ಎಂದು ಅದೇ ಹಲಗೆಯ ಮೇಲೆ ಉತ್ತರವೂ ಬೀಳಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಸುಳ್ಳಾಗಬೇಕಾದರೆ ಪೂಜಾರಿಯೂ ಲೆಕ್ಕ ಕೊಡುವಂತಾಗಬೇಕು.

ಸರಕಾರವು ಕೇಳುವವರೆಗೆ ಸುಮ್ಮನಿರಬೇಕೆಂದೇನೂ ಇಲ್ಲ. ರಾಜ್ಯಪತ್ರವು ಇಂದು ಜಾಲತಾಣದಲ್ಲಿ ಯಾರಿಗಾದರೂ ಬಿಟ್ಟಿಯಾಗಿ ದೊರೆಯುವದು. ಅಂಗಡಿಕಾರನಿಗೆ ಅದನ್ನು ಓದಲು ಪುರುಸೊತ್ತಿಲ್ಲ. ಓದಬಲ್ಲ ಉಪಾಧ್ಯಾಯರೂ ವಕೀಲರೂ ನಿವೃತ್ತ ನೌಕರರೂ ನಾಲ್ಕು ಊರುಗಳಲ್ಲಿಯೂ ಇದ್ದಾರೆ. ವಾರಕ್ಕೊಂದು ಸಂಜೆ ವಾಚನಾಲಯದಲ್ಲಿ ಕೂಡಿ, ವ್ಯಾಪಾರಕ್ಕೆ ಸಂಬಂಧಿಸಿದ ಕರಡುಗಳನ್ನು ಓದಿ ಹೇಳಿ, ವರ್ತಕರ ಸಂಘದ ಹೆಸರಿನಿಂದ ಆಕ್ಷೇಪಣೆಯನ್ನು ಬರೆದುಕೊಡುವದು ಅವರಿಂದ ಆಗಬಹುದಾದ ದೇಶಸೇವೆ. ಆಕ್ಷೇಪಣೆಯಲ್ಲಿ ಅಧಿಸೂಚನೆಯ ಸಂಖ್ಯೆ ಮತ್ತು ತಾರೀಖು, ಯಾವ ನಿಯಮದ ಯಾವ ಉಪನಿಯಮವು ತೊಡಕಿನದು, ಅದನ್ನು ಪಾಲಿಸಲು ಎಷ್ಟು ದಿನ, ಎಷ್ಟು ಹಣ, ಎಷ್ಟು ಸಲದ ಅಲೆದಾಟ ಬೇಕಾಗುವದು, ಅದರ ಬದಲು ಯಾವ ಶಬ್ದಗಳು ಇರಬೇಕು ಎಂಬಷ್ಟನ್ನು ಸ್ಪಷ್ಟವಾಗಿ ಬರೆದು, ಪ್ರಕಟಣೆಯಲ್ಲಿ ಹೇಳಿದ ವಿಳಾಸಕ್ಕೆ ಅವಧಿಯೊಳಗೆ ಮುಟ್ಟುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಶೀದಿಯನ್ನು ಕಾದಿರಿಸಬೇಕು. ಅದರ ಒಂದು ಪ್ರತಿಯನ್ನು ನಮಗೆ ಕಳುಹಿಸಿದವರ ಪತ್ರವನ್ನು ಈ ಅಂಕಣದ ಕೆಳಗೆ ಅಚ್ಚು ಹಾಕುವೆವು. ಇಲಾಖೆಯಿಂದ ಉತ್ತರವು ಬಂದರೆ ಅದನ್ನೂ, ಬಾರದಿದ್ದರೆ ಬಾರದೆ ಹೋದ ದಿನಗಳ ಎಣಿಕೆಯನ್ನೂ ಅಲ್ಲಿಯೇ ಹಾಕುವೆವು.